ಚಿತ್ರದುರ್ಗದ ಬಂಡೆಗಳನ್ನು ನಮ್ಮ ಮಕ್ಕಳಿಗೆ ಓದಿಸಿದವರಿಗೆ

ನಮ್ಮ ಪದವಿಪೂರ್ವ ಕಾಲೇಜಿನಲ್ಲಿ ಭೂವಿಜ್ಞಾನ ವಿಭಾಗ ಆರಂಭವಾದ ಮೇಲೆ ನಡೆದ ಮೊದಲ ಕ್ಷೇತ್ರಾಧ್ಯಯನ ಚಿತ್ರದುರ್ಗದಲ್ಲಿ ಯಶಸ್ವಿಯಾಗಿ ಮುಗಿದಿದೆ. ಪ್ರಯೋಗಾಲಯದ ಪೆಟ್ಟಿಗೆಯಲ್ಲಿರುವ ಕಲ್ಲಿನ ಮಾದರಿಗಳನ್ನಷ್ಟೇ ಕಂಡಿದ್ದ ಮಕ್ಕಳಿಗೆ ಬೆಟ್ಟದ ಬುಡದಲ್ಲೂ ಹಳೆಯ ಗಣಿಯ ಅಂಗಳದಲ್ಲೂ ಪಾಠ ಸಿಗುವಂತೆ ಮಾಡಿದ ಎಲ್ಲರಿಗೂ ವಿಭಾಗದ ಪರವಾಗಿ ಹೃತ್ಪೂರ್ವಕ ಕೃತಜ್ಞತೆಗಳನ್ನು ಸಲ್ಲಿಸುತ್ತೇನೆ.

ಮೊದಲ ವಂದನೆ, ನಮ್ಮೊಡನೆ ಬಿಸಿಲಿನಲ್ಲಿ ನಡೆದ ನಿವೃತ್ತ ಭೂವಿಜ್ಞಾನಿಗಳಿಗೆ. ಹೆಸರು ಹಾಕಬಾರದೆಂಬ ಅವರ ಮಾತನ್ನು ಗೌರವಿಸಿದ್ದೇನೆ. ಕೋಟೆಯ ಕಡಿದಾದ ಗ್ರಾನೈಟ್ ಬಂಡೆಗಳ ಕೆಳಗೆ ಮಕ್ಕಳನ್ನು ನಿಲ್ಲಿಸಿ, ಕಲ್ಲಿನ ಸೀಳುಗಳೊಳಗೆ ಮಳೆನೀರು ಇಳಿದು ಮೂಲೆಗಳನ್ನು ಸವೆಸುತ್ತ ಬಂದುದರಿಂದಲೇ ಈ ಗುಂಡುಗಳು ಒಂದರ ಮೇಲೊಂದು ಪೇರಿಸಿಟ್ಟಂತೆ ಉಳಿದಿವೆ ಎಂದು ಅವರು ವಿವರಿಸಿದರು. ಕಂಡದ್ದನ್ನು ಮೊದಲು ಚಿತ್ರ ಬರೆದುಕೊಳ್ಳಬೇಕು, ಶಿಲೆಯ ಹೆಸರು ಆಮೇಲೆ ಎಂಬುದು ಅವರ ಕಟ್ಟುನಿಟ್ಟು. ಅಧ್ಯಾಪಕಳಾಗಿ ನಾನು ಅವರಿಂದ ಕಲಿತದ್ದರಲ್ಲಿ ಇದೇ ದೊಡ್ಡದು.

ಆ ಕಟ್ಟುನಿಟ್ಟಿನ ಫಲ ಕಂಡದ್ದು ಐಮಂಗಲದ ಸಮೀಪದ ಮರಡಿಹಳ್ಳಿಯಲ್ಲಿ. 1976ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾದ ಅಲ್ಲಿನ ದಿಂಬು ಲಾವಾ 250 ಕೋಟಿ ವರ್ಷಗಳಷ್ಟು ಪುರಾತನವಾದುದು. ನೀರಿನಡಿಯಲ್ಲಿ ಉಕ್ಕಿದ ಲಾವಾದ ಹೊರಮೈ ತಕ್ಷಣ ಗಟ್ಟಿಯಾಗುತ್ತದೆ, ಒಳಗಿನ ದ್ರವ ಆ ಸಿಪ್ಪೆಯನ್ನು ಒಡೆದು ಹೊರಬಂದು ಪಕ್ಕದಲ್ಲೇ ಮತ್ತೊಂದು ದಿಂಬಾಗುತ್ತದೆ. ಮೇಲ್ಭಾಗ ಉಬ್ಬಿರುತ್ತದೆ, ಕೆಳಭಾಗ ಮಾತ್ರ ಅಡಿಯ ದಿಂಬುಗಳ ಸಂದಿಗೆ ಚೂಪಾಗಿ ಇಳಿದಿರುತ್ತದೆ. ಹಾಗಾಗಿ ಪದರಗಳು ಎಷ್ಟೇ ವಾಲಿದ್ದರೂ ಅವುಗಳ ಮೂಲ ಮೇಲ್ಮುಖ ಯಾವುದೆಂದು ಹೇಳಬಹುದು. ಇದನ್ನು ಯಾರೂ ಹೇಳಿಕೊಡುವ ಮೊದಲೇ, ತಾನು ಬರೆದ ಚಿತ್ರವನ್ನು ನೋಡುತ್ತಲೇ ಒಬ್ಬ ವಿದ್ಯಾರ್ಥಿನಿ ಊಹಿಸಿದಳು. ಸಂರಕ್ಷಿತ ತಾಣವಾದ್ದರಿಂದ ಸುತ್ತಿಗೆಗಳನ್ನು ಬಸ್ಸಿನಲ್ಲೇ ಬಿಡಿಸಿದ್ದು ಅತ್ಯಂತ ಸರಿಯಾದ ನಿರ್ಧಾರವಾಗಿತ್ತು.

ಇಂಗಳದಾಳಿನ ತಾಮ್ರದ ಗಣಿಯಲ್ಲಿ ಹಿಂದೆ ದುಡಿದ ಹಿರಿಯರೊಬ್ಬರು ನಮಗಾಗಿಯೇ ಬಂದಿದ್ದರು. ಹಳೆಯ ಗಣಿಗಳಲ್ಲಿ ಮೇಲ್ಛಾವಣಿ ಸಡಿಲವಾಗಿರುತ್ತದೆ, ಒಳಗಿನ ಗಾಳಿಯೂ ಉಸಿರಾಟಕ್ಕೆ ಯೋಗ್ಯವಾಗಿರುವುದಿಲ್ಲ. ಆದ್ದರಿಂದ ನಾವು ಯಾವ ಸುರಂಗದೊಳಕ್ಕೂ ಕಾಲಿಡಲಿಲ್ಲ. ಹೊರಗೆ ಬಿದ್ದಿದ್ದ ಕಲ್ಲುಗಳನ್ನೇ ತೋರಿಸಿ, ಹಿತ್ತಾಳೆಯ ಹಳದಿಯ ಚಾಲ್ಕೊಪೈರೈಟ್ ಅದಿರು ಗಾಳಿ ಮತ್ತು ನೀರಿಗೆ ತೆರೆದುಕೊಂಡಾಗ ಅದರ ತಾಮ್ರವು ಹಸಿರು ಮ್ಯಾಲಕೈಟ್ ಆಗಿಯೂ ಕಬ್ಬಿಣವು ಕೆಂಗಂದು ತುಕ್ಕಾಗಿಯೂ ಹೇಗೆ ಬದಲಾಗುತ್ತವೆಂದು ಅವರು ತಿಳಿಸಿದರು. ಅದಿರಿನ ಜಾಡನ್ನು ಆಳದಲ್ಲಿ ಹುಡುಕಿದ ಕಾರ್ಮಿಕರ ಅನುಭವವನ್ನು ಅವರ ಬಾಯಿಂದಲೇ ಕೇಳುವ ಭಾಗ್ಯ ಈ ಮಕ್ಕಳದಾಯಿತು. ಆ ಯಜಮಾನರಿಗೆ ನಮ್ಮ ವಿಶೇಷ ನಮನಗಳು.

ಮರಡಿಹಳ್ಳಿಯಲ್ಲಿ ಕುಡಿಯುವ ನೀರು ಮತ್ತು ನೆರಳು ಕೊಟ್ಟ ಮನೆಯವರಿಗೆ, ಮಧ್ಯಾಹ್ನದ ಊಟ ಕಟ್ಟಿಕೊಟ್ಟ ತಾಯಂದಿರಿಗೆ, ಎಲ್ಲರನ್ನೂ ಸುರಕ್ಷಿತವಾಗಿ ಮರಳಿ ಕರೆತಂದ ಬಸ್ ಚಾಲಕರಿಗೆ ಹಾಗೂ ಹೆಣ್ಣುಮಕ್ಕಳನ್ನು ನಂಬಿಕೆಯಿಂದ ಕಳುಹಿಸಿದ ಪೋಷಕರಿಗೆ ನಾವು ಋಣಿಗಳು. ವಿದ್ಯಾರ್ಥಿಗಳು ಬರೆದ ಚಿತ್ರಗಳನ್ನು ಈಗ ಕಾಲೇಜಿನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದೇವೆ. ಅವುಗಳ ಒಂದು ಪ್ರತಿಯನ್ನು ಮರಡಿಹಳ್ಳಿಯ ಶಾಲೆಗೂ ಮತ್ತೊಂದನ್ನು ಇಂಗಳದಾಳಿನ ಆ ಹಿರಿಯರಿಗೂ ಶೀಘ್ರದಲ್ಲೇ ತಲುಪಿಸಲಿದ್ದೇವೆ.