ಗೆಳೆಯನಿಗೊಂದು ಪತ್ರ: ನಿನ್ನವನ ವೀಸಾ ವಿಷಯ

ಏನೋ ಮಾರಾಯ,

ಇಮಿಗ್ರೇಷನ್‌ನವರಿಗೆ ಒಂದು ಲೆಟರ್ ಬರ್ದುಕೊಡು, ನಮ್ಮಿಬ್ರನ್ನ ಎಷ್ಟು ವರ್ಷದಿಂದ ನೋಡ್ತಿದ್ದೀಯ, ಹೇಗೆ ಪರಿಚಯ, ಅಷ್ಟಿದ್ರೆ ಸಾಕು ಅಂತ ನೀನು ಕೇಳಿ ಮೂರು ವಾರ ಆಯ್ತು. ದಿನಾ ರಾತ್ರಿ ಲ್ಯಾಪ್‌ಟಾಪ್ ತೆಗೀತೀನಿ, 'ಇವರಿಬ್ಬರನ್ನು ನಾನು ಬಲ್ಲೆ' ಅಂತ ಒಂದು ಸಾಲು ಟೈಪ್ ಮಾಡ್ತೀನಿ, ಅಲ್ಲಿಗೇ ನಿಂತು ಹೋಗತ್ತೆ. ಆಫೀಸಿನವರಿಗೆ ಬರೆಯೋಕ್ ಮುಂಚೆ ನಿನಗೆ ಬರೀಬೇಕಾದ್ದು ಬಾಕಿ ಇದೆ ಅನ್ನಿಸ್ತು, ಅದಕ್ಕೇ ಇದು. ಹೆಸರು, ಊರು, ದೇಶ ಯಾವ್ದೂ ಹಾಕಲ್ಲ, ಫೈಲ್ ಇನ್ನೂ ಅವರ ಟೇಬಲ್ ಮೇಲಿದೆ. ಆನ್‌ಲೈನ್ ಹಾಕ್ಲಾ ಅಂತ ಕೇಳಿದ್ದಕ್ಕೆ "ಹಾಕು, ನಿನ್ನ ಥರಾ ಕೇಳೋರು ಇನ್ನೂ ಬೇಕಾದಷ್ಟ್ ಜನ ಇದಾರೆ" ಅಂದ್ಯಲ್ಲ, ಸರಿಯಾಗೇ ಚುಚ್ಚಿದೆ ಬಿಡು.

ನಾನು ಕೇಳಿದ್ದು ನನಗೆ ನೆನಪಿದೆ ಕಣೋ. ಅವನ ಅರ್ಜಿ ಮೊದಲ ಸಲ ರಿಜೆಕ್ಟ್ ಆದ ದಿನ ನೀನು ಫೋನ್ ಮಾಡಿದ್ದೆ, ನಾನು "ಅಷ್ಟೇ ತಾನೆ, ಎಲ್ಲಾದ್ರೂ ಹೋಗಿ ಮದುವೆ ಆಗಿ ಸರ್ಟಿಫಿಕೇಟ್ ತಂದು ಅವರ ಮುಂದೆ ಬಿಸಾಕು" ಅಂದೆ. ನೀನು ನಕ್ಕು, ಆಯ್ತು ಅಂತ ಫೋನ್ ಇಟ್ಟೆ. ಸರ್ಟಿಫಿಕೇಟ್ ಆಗ್ಲೇ ನಿನ್ನ ಬ್ಯಾಗಲ್ಲಿತ್ತು, ಎರಡು ವರ್ಷದ ಹಿಂದೇನೇ ಇನ್ನೊಂದು ದೇಶಕ್ಕೆ ಹೋಗಿ ಮದುವೆ ಆಗಿದ್ರಿ, ಆದ್ರೆ ಇಬ್ಬರು ಗಂಡಸರ ಮದುವೆಯನ್ನ ನೀನಿರೋ ದೇಶ ಒಪ್ಪಲ್ಲ, ವಿಮಾನ ಇಳಿದ ತಕ್ಷಣ ಅದು ಬರೀ ಕಾಗದ ಆಗಿತ್ತು, ಇದೆಲ್ಲ ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳಾದ್ಮೇಲೆ. ಅಷ್ಟು ದಿನ ಯಾಕೆ ಹೇಳ್ಲಿಲ್ಲ ಅಂತ ಕೇಳೋಕೂ ನನಗೆ ಮುಖ ಇಲ್ಲ.

ಆವತ್ತು ನನ್ನದೇ ಕಥೆ ನೆನಪು ಮಾಡ್ಕೊಂಡೆ. ನನಗೆ ಹೊರಗೆ ಕೆಲಸ ಸಿಕ್ಕಾಗ ನಿನ್ನ ಅತ್ತಿಗೆಗೆ ಡಿಪೆಂಡೆಂಟ್ ವೀಸಾ ಮಾಡಿಸಿದ್ವಲ್ಲ, ನಮಗೆ ಮದುವೆ ಆಗಿ ಆಗ ನಾಲ್ಕೇ ತಿಂಗಳು, ಅವಳಿಗೆ ಲೈಟ್ ಹಾಕೊಂಡು ಮಲಗೋ ಅಭ್ಯಾಸ ಅಂತ ಕೂಡ ನನಗಿನ್ನೂ ಸರಿಯಾಗಿ ಗೊತ್ತಿರ್ಲಿಲ್ಲ. ಒಂದು ಸರ್ಟಿಫಿಕೇಟು, ಎರಡು ಫೋಟೋ. ಕೌಂಟರಲ್ಲಿ ಕೂತಿದ್ದಾಕೆ ತಲೆ ಎತ್ತಿ ನಮ್ಮನ್ನ ನೋಡಿದ್ದೂ ಇಲ್ಲ. ನೀವಿಬ್ರು ಒಂಬತ್ತು ವರ್ಷದಿಂದ ಒಟ್ಟಿಗಿದೀರ, ನಿನ್ನ ಬಿಪಿ ಮಾತ್ರೆ ಯಾವ ಹೊತ್ತಿಗೆ ತಗೋಬೇಕು ಅಂತ ನಿನಗಿಂತ ಚೆನ್ನಾಗಿ ಅವನಿಗೆ ಗೊತ್ತು, ಆದ್ರೂ ಅವನು ತಾನೇ ಪೇಂಟ್ ಹೊಡೆದ ಮನೆಗೆ ಮೂರು ತಿಂಗಳಿಗೊಂದ್ಸಲ ಟೂರಿಸ್ಟ್ ಆಗಿ ಬರ್ಬೇಕು. ಕೆಲಸ ಮಾಡೋ ಹಾಗಿಲ್ಲ, ಬಾಡಿಗೆ ಅಗ್ರಿಮೆಂಟಲ್ಲಿ ಹೆಸರಿಲ್ಲ, ನಿನ್ನನ್ನ ಆಸ್ಪತ್ರೆಗೆ ಸೇರಿಸಿದಾಗ ಅವನು "ಪರಿಚಯದವರು". ನಿನ್ನ ಕೆಲಸ ಹೋದ್ರೆ ಖರ್ಚಿಗೆ ಏನು ಅಂತ ನಾವೆಲ್ಲ ಯೋಚಿಸ್ತೀವಿ, ನೀನು ಯೋಚಿಸೋದು ಅವನ ವೀಸಾಗೆ ಇನ್ನೆಷ್ಟು ದಿನ ಇದೆ ಅಂತ.

ಏರ್‌ಪೋರ್ಟ್ ವಿಷಯ ಒಂದು ಹೇಳಿದ್ದೆ ನೀನು, ಅದು ತಲೆಯಿಂದ ಹೋಗ್ತಾನೇ ಇಲ್ಲ. ಯಾರನ್ನ ನೋಡೋಕೆ ಬಂದಿದೀರ ಅಂತ ಕೇಳಿದ್ರೆ ಅವನು "ಫ್ರೆಂಡ್" ಅಂತಾನೆ, ಗಂಡ ಅಂದ್ರೆ ಇವನು ವಾಪಸ್ ಹೋಗಲ್ಲ ಅಂತ ಅಲ್ಲಿಂದಲೇ ತಿರುಗಿಸಿ ಕಳಿಸ್ಬೋದು. ಆಮೇಲೆ ಸಂಗಾತಿ ಅಂತ ಅರ್ಜಿ ಹಾಕಿದಾಗ ಅದೇ "ಫ್ರೆಂಡ್" ಅನ್ನೋ ಪದ ರೆಕಾರ್ಡಿಂದ ಎದ್ದು ಬಂತು, ನೀವೇ ಹೀಗೆ ಹೇಳಿದ್ರಲ್ಲ ಅಂತ. ನಿಜ ಹೇಳಿದ್ರೆ ಒಳಗೆ ಬಿಡಲ್ಲ, ಸುಳ್ಳು ಹೇಳಿದ್ರೆ ಉಳಿಯೋಕೆ ಬಿಡಲ್ಲ.

ನಾಚಿಕೆಗೋ ಏನೋ ಓದೋಕೆ ಶುರು ಮಾಡ್ದೆ. ಅಮೆರಿಕದ ರಿಚರ್ಡ್ ಆಡಮ್ಸ್, ಆಸ್ಟ್ರೇಲಿಯಾದ ಆಂಟನಿ ಸಲ್ಲಿವನ್ ಕಥೆ ನಿನಗೆ ಗೊತ್ತಿರತ್ತೆ, ನಾನು ಈಗ ಓದಿದ್ದು. 1975ರಲ್ಲಿ ಕೊಲರಾಡೋದ ಬೋಲ್ಡರಲ್ಲಿ ಒಬ್ಬ ಕ್ಲರ್ಕ್ ಧೈರ್ಯ ಮಾಡಿ ಇವರಿಗೆ ಮದುವೆ ಲೈಸೆನ್ಸ್ ಕೊಟ್ಟಳು, ಅದನ್ನಿಟ್ಕೊಂಡು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ರೆ ಸರ್ಕಾರದಿಂದ ಉತ್ತರ ಬಂತು, ಇಂಥ ಇಬ್ಬರ ನಡುವೆ ನಿಜವಾದ ದಾಂಪತ್ಯ ಇರೋಕೆ ಸಾಧ್ಯ ಅಂತ ನೀವು ಸಾಬೀತು ಮಾಡಿಲ್ಲ ಅಂತ. "ಇಂಥ" ಅಂತ ನಾನು ಹಾಕಿದ್ದು, ಅವರು ಅಲ್ಲಿ ಬರೆದಿದ್ದು ಒಂದು ಬೈಗುಳ, ಸರ್ಕಾರಿ ಲೆಟರ್‌ಹೆಡ್ ಮೇಲೆ! ಕೋರ್ಟಲ್ಲೂ ಸೋತ್ರು. 1985ರಲ್ಲಿ ದೇಶ ಬಿಟ್ರು, ಒಂದು ವರ್ಷ ಅಲ್ಲಿ ಇಲ್ಲಿ ಅಲೆದು ವಾಪಸ್ ಬಂದು ಸದ್ದಿಲ್ಲದೆ ಬದುಕಿದ್ರು. ಆಡಮ್ಸ್ ತೀರ್ಕೊಂಡಿದ್ದು 2012ರ ಡಿಸೆಂಬರಲ್ಲಿ. ಇಂಥ ಮದುವೆಗಳನ್ನ ಕೇಂದ್ರ ಸರ್ಕಾರ ಒಪ್ಪದ ಹಾಗೆ ಮಾಡಿದ್ದ ಕಾನೂನನ್ನ ಅಲ್ಲಿನ ಸುಪ್ರೀಂ ಕೋರ್ಟ್ ತೆಗೆದು ಹಾಕಿದ್ದು 2013ರ ಜೂನಲ್ಲಿ, ಆರು ತಿಂಗಳು ಕಣೋ, ಬರೀ ಆರು ತಿಂಗಳು. ಸಲ್ಲಿವನ್‌ಗೆ ಗ್ರೀನ್ ಕಾರ್ಡ್ ಬಂದಿದ್ದು 2016ರಲ್ಲಿ, ಗಂಡ ಸತ್ತವರ ಲೆಕ್ಕದಲ್ಲಿ.

ಮದುವೆ ಕಾನೂನು ಮೊದಲು ಬರ್ಲಿ, ಅದಾದ್ಮೇಲೆ ವೀಸಾ ತಾನಾಗೇ ಸರಿಹೋಗತ್ತೆ ಅಂತ ನಾನೂ ಅಂದ್ಕೊಂಡಿದ್ದೆ, ಒಳ್ಳೆ ಮನಸ್ಸಿನವರೂ ಇದನ್ನೇ ಹೇಳ್ತಾರೆ. ಇದು ತಪ್ಪು ಅಂತ ನನಗೀಗ ಅನ್ಸತ್ತೆ. ದಕ್ಷಿಣ ಆಫ್ರಿಕಾದಲ್ಲಿ ಸಲಿಂಗ ಮದುವೆ ಬಂದಿದ್ದು 2006ರಲ್ಲಿ, ಆದ್ರೆ ವಿದೇಶಿ ಸಂಗಾತಿಗಳ ವಿಷಯ 1999ರಲ್ಲೇ ಮುಗಿದಿತ್ತು. ಅಲ್ಲಿನ ಸಂವಿಧಾನ ನ್ಯಾಯಾಲಯ ವಿದೇಶಿಯರ ಕಾಯ್ದೇಲಿ "ಗಂಡ ಅಥವಾ ಹೆಂಡತಿ" ಅಂತ ಇರೋ ಕಡೆ ಪಕ್ಕದಲ್ಲೇ "ಅಥವಾ ಸ್ಥಿರವಾದ ಸಲಿಂಗ ಸಹಬಾಳ್ವೆಯ ಸಂಗಾತಿ" ಅಂತ ಸೇರಿಸಿ ಓದ್ಕೊಳಿ ಅಂತು. ಅರ್ಧ ಸಾಲು. ಹಾಂಗ್‌ಕಾಂಗಲ್ಲೂ ಹಾಗೇ, ಕೆಲಸಕ್ಕೆ ಬಂದ ಒಬ್ಬಾಕೆಯ ಸಂಗಾತಿಗೆ ಡಿಪೆಂಡೆಂಟ್ ವೀಸಾ ಕೊಡಲ್ಲ ಅಂದಿದ್ದು ತಪ್ಪು ಅಂತ 2018ರ ಜುಲೈಯಲ್ಲಿ ಅಲ್ಲಿನ ಅತ್ಯುನ್ನತ ಕೋರ್ಟ್ ಹೇಳ್ತು, ಮದುವೆ ಕಾನೂನನ್ನ ಮುಟ್ಟದೇನೇ. ಪ್ರತಿಭೆ ಇರೋರು ಬರ್ಲಿ ಅಂತ ಮಾಡಿರೋ ನಿಯಮ, ಜೊತೆಗಾರರನ್ನ ಬಿಟ್ಟು ಬನ್ನಿ ಅಂದ್ರೆ ಯಾರು ಬರ್ತಾರೆ ಅನ್ನೋದು ವಾದ. ನೇಪಾಳದ ಸುಪ್ರೀಂ ಕೋರ್ಟ್ 2017ರಲ್ಲೇ ತನ್ನ ಪ್ರಜೆಯೊಬ್ಬಳ ವಿದೇಶಿ ಹೆಂಡತಿಗೆ ಟೂರಿಸ್ಟ್ ಅಲ್ಲದ ವೀಸಾ ಕೊಡಿ ಅಂದಿತ್ತು. ಇದು ನಿಜವಾಗ್ಲೂ ನನಗೆ ಗೊತ್ತೇ ಇರ್ಲಿಲ್ಲ.

"ಮದುವೆ ಆಗದ ಗಂಡು ಹೆಣ್ಣಿಗೂ ಕೊಡಲ್ಲ, ನಿಮಗೂ ಕೊಡಲ್ಲ, ಎಲ್ರಿಗೂ ಒಂದೇ ರೂಲ್" ಅಂತ ನಿನ್ನ ರಿಜೆಕ್ಷನ್ ಲೆಟರಲ್ಲಿ ಇತ್ತಲ್ಲ, ಓದಿದಾಗ ನನಗೂ ಒಂದು ಕ್ಷಣ ಸರಿ ಅನ್ನಿಸಿತ್ತು. ಇಟಲಿ ಕೂಡ ಇದೇ ಹೇಳಿತ್ತು, ಒಬ್ಬ ಇಟಲಿಯವನು, ಅವನ ಜೊತೆಗಾರ ನ್ಯೂಜಿಲ್ಯಾಂಡಿನವನು, ಕೊನೆಗೆ ಇಬ್ರೂ ಆ ದೇಶವನ್ನೇ ಬಿಟ್ಟು ನೆದರ್‌ಲ್ಯಾಂಡ್ಸಿಗೆ ಹೋಗ್ಬೇಕಾಯ್ತು. ಯುರೋಪಿನ ಮಾನವ ಹಕ್ಕುಗಳ ಕೋರ್ಟ್ 2016ರಲ್ಲಿ ಆ ಮಾತು ನಡೆಯಲ್ಲ ಅಂತು: ಆ ಗಂಡು ಹೆಣ್ಣು ಬೇಕು ಅಂದ್ರೆ ನಾಳೆ ಮದುವೆ ಆಗ್ಬೋದು, ಇವರಿಗೆ ಆ ಬಾಗಿಲೇ ಇಲ್ಲ, ಬೇರೆ ಬೇರೆ ಸ್ಥಿತಿಯಲ್ಲಿರೋರನ್ನ ಒಂದೇ ಥರ ನೋಡೋದೂ ತಾರತಮ್ಯವೇ ಅಂತ. ನಿಮ್ಮ ಲಾಯರ್ ಇದನ್ನ ಹಾಕಿದ್ರೋ ಇಲ್ವೋ ಕೇಳು. ನಿಮ್ಮ ದೇಶಕ್ಕೆ ಆ ಕೋರ್ಟ್ ಅನ್ವಯಿಸಲ್ಲ, ಗೊತ್ತು, ಆದ್ರೂ ತರ್ಕ ತರ್ಕಾನೇ.

ಗೆದ್ದೋರ ಕಥೆಯೂ ಅಷ್ಟೇನೂ ಸುಖ ಇಲ್ಲ ಬಿಡು. ರೊಮೇನಿಯಾದ ಏಡ್ರಿಯನ್ ಕೋಮನ್ ಅಮೆರಿಕನ್ ಒಬ್ಬನನ್ನ 2010ರಲ್ಲಿ ಬ್ರಸೆಲ್ಸಲ್ಲಿ ಮದುವೆ ಆದ, 2018ರಲ್ಲಿ ಐರೋಪ್ಯ ಒಕ್ಕೂಟದ ಕೋರ್ಟ್ "ಸಂಗಾತಿ" ಅನ್ನೋ ಪದಕ್ಕೆ ಲಿಂಗ ಇಲ್ಲ, ವಾಸಕ್ಕೆ ಅವಕಾಶ ಕೊಡ್ಬೇಕು ಅಂತ ತೀರ್ಪು ಕೊಡ್ತು, ಆಮೇಲೂ ವರ್ಷಗಟ್ಟಲೆ ಆ ಪರ್ಮಿಟ್ ಕೈಗೆ ಬರ್ಲಿಲ್ಲ. ಜಪಾನ್‌ದು ಇನ್ನೂ ವಿಚಿತ್ರ, ಇಬ್ರೂ ವಿದೇಶಿಯರಾಗಿದ್ದು ತಮ್ಮ ದೇಶದಲ್ಲಿ ಕಾನೂನುಬದ್ಧವಾಗಿ ಮದುವೆ ಆಗಿದ್ರೆ 2013ರಿಂದ ಒಂದು ಥರದ ವೀಸಾ ಸಿಗತ್ತೆ, ಜೊತೆಗಾರ ಜಪಾನಿನವನೇ ಆಗಿದ್ರೆ ಆ ದಾರಿ ಸುಲಭಕ್ಕೆ ಸಿಗಲ್ಲ. ಸ್ವಂತ ಪ್ರಜೆ ಆಗಿದ್ದಕ್ಕೆ ಶಿಕ್ಷೆ.

ಇಲ್ಲಿಗೇ ಬಂದ್ಬಿಡಿ ಅಂತ ಇನ್ಮುಂದೆ ನಾನು ಹೇಳಲ್ಲ. 2018ರಲ್ಲಿ ನಮ್ಮಲ್ಲಿ ಸಲಿಂಗ ಸಂಬಂಧ ಅಪರಾಧ ಅಂತಿದ್ದ ಸೆಕ್ಷನ್ 377 ಹೋದಾಗ ನಾವಿಬ್ರೂ ಫೋನಲ್ಲಿ ಕಿರುಚಾಡಿದ್ವಿ, 2023ರ ಅಕ್ಟೋಬರಲ್ಲಿ ಮದುವೆ ವಿಷಯ ಸಂಸತ್ತಿಗೆ ಬಿಟ್ಟಿದ್ದು ಅಂತ ತೀರ್ಪು ಬಂದಾಗ ನೀನು ಮೆಸೇಜ್ ಮಾಡಿದ್ದು ಒಂದೇ ಪದ, "ಸರಿ".

ನೀವು ಕೇಳ್ತಿರೋದು ವಿಶೇಷ ಏನೂ ಅಲ್ಲ. ನಮಗೆ ಇದ್ದ ಫಾರ್ಮೇ, ನಮಗೆ ಇದ್ದ ಫೀಸೇ, ಬೇಕಾದ್ರೆ ನಮಗಿಂತ ಜಾಸ್ತಿ ಅನುಮಾನ ಪಡ್ಲಿ, ಸುಳ್ಳು ಮದುವೆ ಮಾಡ್ಕೊಂಡು ವೀಸಾ ತಗೊಳೋರು ಗಂಡು ಹೆಣ್ಣಿನಲ್ಲೂ ಇದ್ದಾರೆ, ಅವರನ್ನ ಹಿಡಿಯೋಕೆ ಇಂಟರ್‌ವ್ಯೂ ಮಾಡ್ತಾರೆ, ನಿಮ್ಮನ್ನೂ ಮಾಡ್ಲಿ. ಆದ್ರೆ ಸಾಕ್ಷಿ ಕೇಳೋ ವಿಷಯದಲ್ಲಿ ಮಾತ್ರ ನನಗೆ ಸಿಟ್ಟು ಬರತ್ತೆ. ಜಂಟಿ ಬ್ಯಾಂಕ್ ಅಕೌಂಟ್ ತೋರಿಸಿ ಅಂತಾರೆ, ವೀಸಾ ಇಲ್ಲದೆ ಅಕೌಂಟ್ ಯಾರು ತೆಗೀತಾರೆ? ಎರಡೂ ಕುಟುಂಬದವರ ಜೊತೆ ಇರೋ ಫೋಟೋ ಕೊಡಿ ಅಂತಾರೆ, ಅವನ ಮನೇಲಿ ನಿನ್ನ ಹೆಸರೇ ಗೊತ್ತಿಲ್ಲ. ಚಾಟ್ ಕೊಡಿ ಅಂತಾರೆ, ಅವನ ಊರಲ್ಲಿ ಪೊಲೀಸರು ಫೋನ್ ಕಿತ್ಕೊಂಡು ನೋಡ್ತಾರೆ ಅಂತ ಮೊದಲ ನಾಲ್ಕು ವರ್ಷದ ಮೆಸೇಜೆಲ್ಲ ಡಿಲೀಟ್ ಮಾಡಿದೀರ. ಅಷ್ಟು ವರ್ಷ ಹುಷಾರಾಗಿ ಬಚ್ಚಿಟ್ಟಿದ್ದಕ್ಕೇ ಬದುಕಿದ್ರಿ, ಈಗ ಬಚ್ಚಿಟ್ಟಿದ್ದಕ್ಕೇ ನಂಬಲ್ಲ ಅಂತಾರೆ.

ಈಗ ಕೆಲಸದ ಮಾತು. ನೀನು ಕಳಿಸಿದ ಫೋಟೋಗಳೆಲ್ಲ ನೋಡ್ದೆ, ಎಲ್ಲದರಲ್ಲೂ ಒಬ್ಬನೇ ಇದೀಯ, ಭುಜದ ಮೇಲೆ ಯಾರದೋ ನಾಲ್ಕು ಬೆರಳು. ಪೋಸ್ಟ್ ಮಾಡೋಕ್ ಮುಂಚೆ ಅವನನ್ನ ಕ್ರಾಪ್ ಮಾಡ್ತಿದ್ದೆ ಅಲ್ವಾ. ಅವುಗಳಲ್ಲಿ ಮುಕ್ಕಾಲು ಪಾಲು ತೆಗೆದಿದ್ದು ನಾನು ಕಣೋ, ಒರಿಜಿನಲ್ ಎಲ್ಲ ನನ್ನ ಹಳೇ ಹಾರ್ಡ್‌ಡಿಸ್ಕಲ್ಲಿದೆ, ಅವನು ಪೂರ್ತಿ ಇದಾನೆ, ಒಂದರಲ್ಲಿ ಕಣ್ಣು ಮುಚ್ಕೊಂಡಿದಾನೆ. ನಿನ್ನೆ ಕೂತು ನಲವತ್ತಮೂರು ಆರಿಸಿದೀನಿ, ಆರು ವರ್ಷದ್ದು. ವಾಟ್ಸಾಪಲ್ಲಿ ಕಳಿಸಿದ್ರೆ ತೆಗೆದ ದಿನಾಂಕ ಅಳಿಸಿ ಹೋಗತ್ತೆ, ಅದಕ್ಕೆ ಮೇಲ್ ಮಾಡ್ತಿದೀನಿ, ಒಂದನ್ನೂ ಎಡಿಟ್ ಮಾಡ್ಬೇಡ. ಲೆಟರೂ ಜೊತೇಲೇ ಇದೆ, ಸಹಿ ಹಾಕಿದೀನಿ, ಆದ್ರೆ ನೀನು ಅವನನ್ನ ನನಗೆ ಮೊದಲು ಪರಿಚಯ ಮಾಡ್ಸಿದ್ದು ಫೆಬ್ರವರಿನಾ ಮಾರ್ಚಾ ಅಂತ ಅವನನ್ನೇ ಕೇಳಿ ಹೇಳು, ನಿನ್ನ ನೆನಪಿನ ಮೇಲೆ ನನಗೆ ನಂಬಿಕೆ ಇಲ್ಲ.

ಇಂತಿ ನಿನ್ನ,
ಅದೇ ಹಳೇ ಪೆದ್ದ