ಗದ್ದೆ ಬಿಟ್ಟುಕೊಟ್ಟವರಿಗೆ, ಹಸು ನೋಡಿಕೊಂಡವರಿಗೆ

ಪಾಂಡವಪುರದ ಆಸುಪಾಸಿನ ಹಳ್ಳಿಗಳ ಪ್ರೌಢಶಾಲೆ ಹುಡುಗಿಯರಿಗಾಗಿ ನಡೆಸುತ್ತಿರುವ, ಗದ್ದೆಯ ನೀರು ಅಳೆಯುವ ಸಾಧನ ಮಾಡಿ ಕಲಿಯುವ ನಮ್ಮ ಭಾನುವಾರದ ತರಗತಿಗೆ ಈ ಕೊಯ್ಲಿನ ಹೊತ್ತಿಗೆ ವರ್ಷ ತುಂಬಿತು. ಬಂದವರೆಲ್ಲ ನನ್ನನ್ನೇ ಹೊಗಳುತ್ತಿದ್ದಾರೆ. ಅದು ಸಲ್ಲಬೇಕಾದವರು ಬೇರೆಯೇ ಇದ್ದಾರೆ.

ಮೊದಲ ನಮಸ್ಕಾರ, ಅರ್ಧ ಎಕರೆ ಭತ್ತದ ಗದ್ದೆಯನ್ನು ಮಕ್ಕಳ ಕೈಗೆ ಒಪ್ಪಿಸಿದ ಹಿರಿಯ ರೈತರಿಗೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಭತ್ತಕ್ಕೆ ನೀರು ಸದಾ ನಿಂತಿರಲೇಬೇಕು ಎಂದು ನಂಬಿದ ವಿಶ್ವೇಶ್ವರಯ್ಯ ನಾಲೆಯ ಸೀಮೆ ನಮ್ಮದು. ಅಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು "ತಾತ, ಇನ್ನೆರಡು ದಿನ ಮೋಟಾರು ಹಾಕಬೇಡಿ" ಎಂದರೆ ಒಪ್ಪಿಕೊಳ್ಳುವ ಎದೆ ಎಷ್ಟು ಜನಕ್ಕಿದೆ?

ಮಾಡಿದ್ದು ಇಷ್ಟು. ತೂತು ಕೊರೆದ ಪಿವಿಸಿ ಪೈಪಿನ ತುಂಡನ್ನು ಗದ್ದೆಯಲ್ಲಿ ಹೂತು ಒಳಗಿನ ಮಣ್ಣು ತೆಗೆದರೆ ನೆಲದಡಿಯ ನೀರಿನ ಮಟ್ಟ ಕಾಣುತ್ತದೆ. ಅದು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದ ಮೇಲೆಯೇ ನೀರು ಹಾಯಿಸಬೇಕು. ಹೂವಾಡುವ ದಿನಗಳಲ್ಲಿ ಮಾತ್ರ ಗದ್ದೆ ಒಣಗಲು ಬಿಡುವಂತಿಲ್ಲ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರ ಮಾಡಿದ ಈ ಕ್ರಮದಿಂದ ಶೇ 30ರವರೆಗೂ ನೀರು ಉಳಿಸಬಹುದು. ಕೆಸರಿನಿಂದ ಏಳುವ, ಭೂಮಿಯ ಬಿಸಿ ಹೆಚ್ಚಿಸುವ ಮೀಥೇನ್ ಅನಿಲ ಕೂಡ ತಗ್ಗುತ್ತದೆ. ಪೈಪಿನ ಬಾಯಿಗೆ ಸೆನ್ಸರ್ ಕೂರಿಸಿ, ಮಟ್ಟ ಎಷ್ಟಿದೆ ಎಂಬುದು ಮೊಬೈಲಿಗೆ ಬರುವಂತೆ ಮಾಡಿದವರು ಹುಡುಗಿಯರು. ನಾಲೆಯಲ್ಲಿ ಸರದಿಯಂತೆ ಬಿಡುವ ಕಟ್ಟು ನೀರನ್ನೇ ನೆಚ್ಚಿದ ಗದ್ದೆಗೆ ಇದು ಒಗ್ಗುವುದು ಕಷ್ಟ, ಸರದಿ ನಮ್ಮ ಕೈಯಲ್ಲಿಲ್ಲವಲ್ಲ. ಕೊಳವೆಬಾವಿ ಇದ್ದವರಿಗೆ ಸರಿ.

ಏಡಿಗಳು ಪೈಪಿನೊಳಗೆ ಬಿಡಾರ ಹೂಡುತ್ತವೆಂದು ನಾವು ಓದಿದ ಯಾವ ಕೈಪಿಡಿಯಲ್ಲೂ ಇರಲಿಲ್ಲ. ಬುಡಕ್ಕೆ ತಂತಿಬಲೆ ಬಿಗಿಯಲು ಹೇಳಿಕೊಟ್ಟ ಅಜ್ಜಿಗೆ ವಿಶೇಷ ಕೃತಜ್ಞತೆ. ಕಾಸು ಮುಟ್ಟದೆ ಬೆಸುಗೆ ಹಾಕುವುದನ್ನು ಕಲಿಸಿದ ಮೊಬೈಲ್ ರಿಪೇರಿ ಅಂಗಡಿಯವರಿಗೂ, ನಮ್ಮ ಪ್ರಶ್ನೆಗಳಿಗೆ ಬೇಸರವಿಲ್ಲದೆ ಉತ್ತರಿಸಿದ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂ ವಿಜ್ಞಾನಿಗಳಿಗೂ ವಂದನೆ.

ತಾಯಂದಿರ ಋಣ ದೊಡ್ಡದು. ಭಾನುವಾರ ಹುಲ್ಲು ಕೊಯ್ಯುವುದು, ಡೇರಿಗೆ ಹಾಲು ಹಾಕುವುದು ಮಗಳ ಪಾಲಿನ ಕೆಲಸವಾಗಿತ್ತು. ಅದನ್ನೂ ತಾವೇ ಹೊತ್ತರು. ಮನೆಯ ಒಂದೇ ಸ್ಮಾರ್ಟ್‌ಫೋನು ಗಂಡುಮಕ್ಕಳ ಜೇಬಿನಲ್ಲಿರುವುದು ನಮ್ಮ ಕಡೆ ರೂಢಿ. ಅದನ್ನು ಜಗಳವಾಡಿಯೇ ಬಿಡಿಸಿಕೊಟ್ಟ ತಾಯಂದಿರೂ ಇದ್ದಾರೆ. ಆ ಜಗಳಗಳಿಲ್ಲದೆ ನನ್ನ ಪಾಠ ಕರಿಹಲಗೆ ದಾಟುತ್ತಿರಲಿಲ್ಲ.

ಬೇಸಿಗೆ ಬೆಳೆಗೆ ಇನ್ನೂ ಎರಡು ಗದ್ದೆಗಳು ಬೇಕಾಗಿವೆ. ಪಂಪ್‌ಸೆಟ್ ಇದ್ದು, ಕಾಲು ಎಕರೆಯಾದರೂ ಬಿಟ್ಟುಕೊಡುವ ಮನಸ್ಸಿರುವವರು ಹೇಳಿ ಕಳಿಸಿ. ಪೈಪು ಹೂಳಲು ಹುಡುಗಿಯರೇ ಬರುತ್ತಾರೆ.