ಚೆರ್ರಿ ಐ: ಗ್ರಂಥಿಯನ್ನು ಕತ್ತರಿಸಬೇಡಿ, ಒಳಗಿರಿಸಿ ಹೊಲಿಯಿರಿ

ಮಾನ್ಯ ಸಂಪಾದಕರೇ,

ಕಲಬುರಗಿಯ ಬಡಾವಣೆಗಳಲ್ಲಿ ಈಚಿನ ವರ್ಷಗಳಲ್ಲಿ ಬೀಗಲ್, ಶಿಟ್ಜು, ಲಾಸಾ ಆಪ್ಸೊ, ಕಾಕರ್ ಸ್ಪಾನಿಯಲ್, ಬುಲ್‌ಡಾಗ್ ಮುಂತಾದ ತಳಿಗಳ ನಾಯಿ ಸಾಕುವವರು ಹೆಚ್ಚಾಗಿದ್ದಾರೆ. ಇದೇ ತಳಿಗಳ ಮರಿಗಳಲ್ಲಿ, ಬಹುಪಾಲು ಎರಡು ವರ್ಷ ತುಂಬುವುದರೊಳಗೆ, ಕಣ್ಣಿನ ಒಳಮೂಲೆಯಲ್ಲಿ ಒಂದು ಕೆಂಪು ಉಂಡೆ ಇದ್ದಕ್ಕಿದ್ದಂತೆ ಎದ್ದು ಕಾಣುತ್ತದೆ. ‘ಚೆರ್ರಿ ಐ’ ಎಂದು ಎಲ್ಲರೂ ಕರೆಯುವ ಈ ತೊಂದರೆಗೆ ನಮ್ಮ ಭಾಗದಲ್ಲಿ ಇನ್ನೂ ಹಲವೆಡೆ ಆ ಉಂಡೆಯನ್ನೇ ಕತ್ತರಿಸಿ ತೆಗೆಯುವ ರೂಢಿ ಉಳಿದುಕೊಂಡಿದೆ. ಪಶುಸಂಗೋಪನಾ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾಗಿರುವ ನಾನು, ಈ ರೂಢಿ ನಿಲ್ಲಬೇಕೆಂದು ತಮ್ಮ ಪತ್ರಿಕೆಯ ಮೂಲಕ ಸಾಕುವವರಲ್ಲಿಯೂ ಇಲಾಖೆಯಲ್ಲಿಯೂ ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಹೊರಗೆ ಬಂದಿರುವುದು ಗಡ್ಡೆಯಲ್ಲ, ಹುಣ್ಣೂ ಅಲ್ಲ. ನಾಯಿಯ ಕಣ್ಣಿಗೆ ಮೇಲಿನ ಮತ್ತು ಕೆಳಗಿನ ರೆಪ್ಪೆಗಳಲ್ಲದೆ ಒಳಮೂಲೆಯಿಂದ ಅಡ್ಡಲಾಗಿ ಸರಿದು ಬರುವ ಮೂರನೆಯ ರೆಪ್ಪೆಯೊಂದಿದೆ. ಅದರ ಬುಡದಲ್ಲಿ ಕಣ್ಣೀರಿನ ಗ್ರಂಥಿಯೊಂದು ಅಡಗಿರುತ್ತದೆ. ಗ್ರಂಥಿಯನ್ನು ಕೆಳಗೆ ಹಿಡಿದಿಡುವ ಅಂಗಾಂಶ ಸಡಿಲವಾದಾಗ ಅದು ಮಗುಚಿಕೊಂಡು ರೆಪ್ಪೆಯ ಅಂಚಿನ ಮೇಲೆ ಬಂದು ಕೂರುತ್ತದೆ. ಗಾಳಿ, ದೂಳು ತಗಲಿ ಕೆಂಪಗೆ ಊದಿಕೊಳ್ಳುತ್ತದೆ. ಕಣ್ಣಿಗೆ ಬೇಕಾದ ನೀರಿನ ಅಂಶದಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಒದಗಿಸುವುದು ಈ ಒಂದು ಗ್ರಂಥಿಯೇ. ಉಳಿದದ್ದು ಕಣ್ಣಿನ ಮೇಲ್ಭಾಗದಲ್ಲಿರುವ ಇನ್ನೊಂದು ಗ್ರಂಥಿಯಿಂದ ಬರುತ್ತದೆ.

ಕತ್ತರಿಸಿದ ದಿನ ಎಲ್ಲವೂ ಸರಿಯಾಯಿತೆಂದೇ ತೋರುತ್ತದೆ. ಕೆಲಸ ಕೆಲವೇ ನಿಮಿಷಗಳದ್ದು, ಖರ್ಚು ಕಡಿಮೆ, ಕೆಂಪು ಉಂಡೆ ಮಾಯವಾಗಿರುತ್ತದೆ. ಅದರ ಫಲ ಕಾಣಿಸಿಕೊಳ್ಳುವುದು ತಿಂಗಳುಗಳ, ಎಷ್ಟೋ ಸಲ ವರ್ಷಗಳ ನಂತರ. ಆ ಹೊತ್ತಿಗೆ ಹಳೆಯ ಶಸ್ತ್ರಚಿಕಿತ್ಸೆಗೂ ಈಗಿನ ನೋವಿಗೂ ಸಂಬಂಧವಿದೆ ಎಂಬುದೇ ಮಾಲೀಕರಿಗೆ ಹೊಳೆಯುವುದಿಲ್ಲ. ನಮ್ಮ ಓಣಿಯ ಮನೆಯೊಂದರಲ್ಲಿರುವ ಲಾಸಾ ನಾಯಿಗೆ ಮರಿಯಾಗಿದ್ದಾಗಲೇ ಎಡಗಣ್ಣಿನ ಗ್ರಂಥಿಯನ್ನು ತೆಗೆದಿದ್ದರು. ಈಗ ಆ ಕಣ್ಣಿಗೆ ಪ್ರತಿದಿನ ಬೆಳಿಗ್ಗೆ ಅಂಟಾದ ಹಸಿರುಮಿಶ್ರಿತ ಗೀಜು ಮೆತ್ತಿಕೊಂಡಿರುತ್ತದೆ. ಮನೆಯೊಡತಿ ಬಿಸಿನೀರಿನಲ್ಲಿ ಅದ್ದಿದ ಹತ್ತಿಯಿಂದ ಅದನ್ನು ನೆನೆಸಿ ನೆನೆಸಿ ಬಿಡಿಸುತ್ತಾರೆ. ಬಿಡಿಸಿದ ಮೇಲೆ ನೋಡಿದರೆ ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ, ಹೊಳಪಿಲ್ಲ, ಒಳಮೂಲೆಯಿಂದ ಕಂದುಬಣ್ಣದ ಪರೆಯೊಂದು ನಡುವಿನ ಕಡೆಗೆ ಹಬ್ಬಿದೆ. ಕಣ್ಣೀರು ಅಳೆಯುವ ಕಾಗದದ ಪಟ್ಟಿಯನ್ನು ಕೆಳರೆಪ್ಪೆಯೊಳಗೆ ಇಟ್ಟರೆ ಒಂದು ನಿಮಿಷದಲ್ಲಿ 15 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಒದ್ದೆಯಾಗಬೇಕು. ಆ ಕಣ್ಣಿನಲ್ಲಿ ಪಟ್ಟಿ 5 ಮಿಲಿಮೀಟರ್ ಕೂಡ ಒದ್ದೆಯಾಗಲಿಲ್ಲ. ಇದೇ ಒಣಗಣ್ಣು. ಇದಕ್ಕೆ ಸೈಕ್ಲೋಸ್ಪೋರಿನ್ ಅಥವಾ ಟ್ಯಾಕ್ರೋಲಿಮಸ್ ಔಷಧಿಯನ್ನೂ ಕೃತಕ ಕಣ್ಣೀರನ್ನೂ ಸಾಮಾನ್ಯವಾಗಿ ನಾಯಿ ಬದುಕಿರುವವರೆಗೆ ಹಾಕುತ್ತಲೇ ಇರಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲು, ಶಹಾಬಾದ್, ವಾಡಿ, ಸೇಡಂ ಕಡೆಯ ಕಲ್ಲುಪುಡಿ ಮತ್ತು ಸಿಮೆಂಟ್ ದೂಳು ಇಂಥ ಕಣ್ಣಿಗೆ ಎಷ್ಟು ಹಿಂಸೆ ಕೊಡುತ್ತವೆ ಎಂಬುದನ್ನು ಇಲ್ಲಿ ಬದುಕುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಚೆರ್ರಿ ಐ ಹೆಚ್ಚಾಗಿ ಕಾಣುವ ಕಾಕರ್, ಬುಲ್‌ಡಾಗ್, ಲಾಸಾ, ಶಿಟ್ಜು ತಳಿಗಳಿಗೇ ಒಣಗಣ್ಣು ಬರುವ ಸಾಧ್ಯತೆಯೂ ಹುಟ್ಟಿನಿಂದ ಹೆಚ್ಚು. ವಯಸ್ಸಾದಂತೆ ಮೇಲಿನ ಗ್ರಂಥಿಯೂ ಸೊರಗಬಹುದಾದ ನಾಯಿಯಿಂದ ಕೆಳಗಿನ ಗ್ರಂಥಿಯನ್ನು ಮರಿಯಾಗಿದ್ದಾಗಲೇ ಕಸಿದುಕೊಳ್ಳುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಗ್ರಂಥಿಯನ್ನು ಉಳಿಸಿಕೊಂಡು ಅದರ ಜಾಗಕ್ಕೆ ಸೇರಿಸುವ ವಿಧಾನಗಳು ಹೊಸವೇನಲ್ಲ. 1993ರಲ್ಲಿ ಮಾರ್ಗನ್ ಮತ್ತು ಸಂಗಡಿಗರು 89 ನಾಯಿಗಳ ದಾಖಲೆಗಳನ್ನು ಪರಿಶೀಲಿಸಿ ಪ್ರಕಟಿಸಿದ ಲೇಖನದಲ್ಲಿ, ಗ್ರಂಥಿಯನ್ನು ಕತ್ತರಿಸಿದ ಕಣ್ಣುಗಳಿಗಿಂತ ಒಳಗೆ ಸೇರಿಸಿದ ಕಣ್ಣುಗಳಲ್ಲಿ ಒಣಗಣ್ಣು ಬಹಳ ಕಡಿಮೆ ಎಂದು ತೋರಿಸಿದರು. ಅವರ ಹೆಸರಿನಿಂದಲೇ ಕರೆಯಲಾಗುವ ‘ಪಾಕೆಟ್’ ವಿಧಾನ ಇಂದು ಹೆಚ್ಚು ಬಳಕೆಯಲ್ಲಿದೆ. ನಾಯಿಗೆ ಪೂರ್ಣ ಅರಿವಳಿಕೆ ಕೊಟ್ಟು, ಮೂರನೆಯ ರೆಪ್ಪೆಯನ್ನು ಹೊರಕ್ಕೆ ಮಗುಚಿ ಹಿಡಿದು, ಕಣ್ಣುಗುಡ್ಡೆಯ ಕಡೆಗಿರುವ ಅದರ ಒಳಮೈಯಲ್ಲಿ ಗ್ರಂಥಿಯ ಮೇಲ್ಬದಿಗೊಂದು, ಕೆಳಬದಿಗೊಂದು ತೆಳುವಾದ ಗೀರು ಹಾಕುತ್ತಾರೆ. ಆಮೇಲೆ ಗ್ರಂಥಿಯನ್ನು ಒಳಕ್ಕೆ ಒತ್ತಿ, ಆ ಎರಡು ಗೀರುಗಳ ಹೊರ ಅಂಚುಗಳನ್ನು ಅದರ ಮೇಲೆ ಎಳೆದು, ತಾನಾಗಿಯೇ ಕರಗುವ, 5-0 ಅಥವಾ 6-0 ಅಳತೆಯ ತೆಳು ದಾರದಿಂದ ಹೊಲಿಯುತ್ತಾರೆ. ಗ್ರಂಥಿಗೆ ಅಲ್ಲಿಯೇ ಒಂದು ಜೇಬು ಹೊಲಿದುಕೊಟ್ಟಂತಾಗುತ್ತದೆ. ಇದರಲ್ಲಿ ಎರಡು ವಿಷಯಗಳಿಗೆ ಕೈ ಪಳಗಿರಬೇಕು. ಮೊದಲನೆಯದಾಗಿ, ಗಂಟುಗಳು ರೆಪ್ಪೆಯ ಹೊರಮೈಯಲ್ಲಿ ಬೀಳಬೇಕು. ಒಳಗೆ ಬಿದ್ದರೆ ಪ್ರತಿ ಸಲ ರೆಪ್ಪೆ ಸರಿದಾಗಲೂ ಗಂಟು ಕಾರ್ನಿಯಾವನ್ನು ಉಜ್ಜಿ ಹುಣ್ಣು ಮಾಡುತ್ತದೆ. ಎರಡನೆಯದಾಗಿ, ಹೊಲಿಗೆಯ ಎರಡು ತುದಿಗಳಲ್ಲಿಯೂ ಸ್ವಲ್ಪ ಜಾಗ ಬಿಡಬೇಕು. ಪೂರ್ತಿ ಮುಚ್ಚಿದರೆ ಗ್ರಂಥಿ ಸುರಿಸುವ ಕಣ್ಣೀರು ಹೊರಬರಲು ದಾರಿಯಿಲ್ಲದೆ ಒಳಗೇ ನಿಂತು ನೀರುಗುಳ್ಳೆಯಾಗುತ್ತದೆ.

ಇನ್ನೊಂದು ವಿಧಾನದಲ್ಲಿ ಗ್ರಂಥಿಯನ್ನು ದಾರದಿಂದ ಸುತ್ತಿ ಕಣ್ಣಿನ ಗೂಡಿನ ಕೆಳ ಅಂಚಿನ ಮೂಳೆಯ ಪೊರೆಗೆ ಬಿಗಿಯುತ್ತಾರೆ. ಹಿಡಿತ ಗಟ್ಟಿಯಾಗಿರುತ್ತದೆ, ಆದರೆ ಮೂರನೆಯ ರೆಪ್ಪೆ ಮೊದಲಿನಷ್ಟು ಸಲೀಸಾಗಿ ಸರಿಯುವುದಿಲ್ಲ. ದೊಡ್ಡ ಮೈಕಟ್ಟಿನ ಮ್ಯಾಸ್ಟಿಫ್ ತಳಿಗಳಲ್ಲಿ, ಬುಲ್‌ಡಾಗ್‌ಗಳಲ್ಲಿ ಗ್ರಂಥಿ ಮತ್ತೆ ಹೊರಬರುವ ಸಂಭವ ಹೆಚ್ಚಾದ್ದರಿಂದ ಕೆಲವು ಶಸ್ತ್ರವೈದ್ಯರು ಎರಡೂ ವಿಧಾನಗಳನ್ನು ಒಟ್ಟಿಗೆ ಬಳಸುತ್ತಾರೆ. ಯಾವ ವಿಧಾನವೂ ನೂರಕ್ಕೆ ನೂರು ಖಾತ್ರಿಯಲ್ಲ ಎಂಬುದನ್ನು ಮಾಲೀಕರಿಗೆ ಮೊದಲೇ ತಿಳಿಸಬೇಕು. ಮತ್ತೆ ಹೊರಬಂದರೆ ಮತ್ತೆ ಹೊಲಿಯಬಹುದು. ಒಮ್ಮೆ ಕತ್ತರಿಸಿ ಎಸೆದ ಗ್ರಂಥಿಯನ್ನು ಯಾರೂ ತಂದುಕೊಡಲಾರರು.

ಕತ್ತರಿಸಲೇಬೇಕಾದ ಸಂದರ್ಭಗಳೂ ಇವೆ. ವಯಸ್ಸಾದ ನಾಯಿಯಲ್ಲಿ ಅದೇ ಜಾಗದಲ್ಲಿ ಕಾಣುವ ಗಂಟು ಕ್ಯಾನ್ಸರ್ ಆಗಿರಬಹುದು. ಅದನ್ನು ತೆಗೆದು ಪರೀಕ್ಷೆಗೆ ಕಳುಹಿಸುವುದೇ ಸರಿ. ಕೆಲವು ದೊಡ್ಡ ತಳಿಗಳಲ್ಲಿ ಮೂರನೆಯ ರೆಪ್ಪೆಯ ಮೃದ್ವಸ್ಥಿ ಮಡಿಚಿಕೊಂಡು ಚೆರ್ರಿ ಐಯಂತೆಯೇ ಕಾಣುತ್ತದೆ. ಅಲ್ಲಿ ಮಡಿಚಿದ ಮೃದ್ವಸ್ಥಿಯ ತುಣುಕನ್ನಷ್ಟೇ ತೆಗೆದು ಗ್ರಂಥಿಯನ್ನು ಮುಟ್ಟದೆ ಬಿಡಬೇಕು.

ಉಂಡೆ ಕಂಡ ದಿನವೇ ಗಾಬರಿಯಾಗಬೇಕಾಗಿಲ್ಲ, ಹಾಗೆಂದು ತಿಂಗಳುಗಟ್ಟಲೆ ಕಾಯುವುದೂ ತಪ್ಪು. ಹೊರಗೇ ಉಳಿದ ಗ್ರಂಥಿ ಉರಿಯೂತದಿಂದ ಹಾಳಾಗುತ್ತ ಹೋಗುತ್ತದೆ. ಬೆರಳಿನಿಂದ ನಯವಾಗಿ ಒಳಕ್ಕೆ ಒತ್ತಿದರೆ ಕೆಲವು ಮರಿಗಳಲ್ಲಿ ಒಳಹೋಗುವುದುಂಟು, ಆದರೆ ಬಹುಮಟ್ಟಿಗೆ ಮತ್ತೆ ಹೊರಬರುತ್ತದೆ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಕಣ್ಣಿನ ಹನಿಯನ್ನು ವೈದ್ಯರು ಹೇಳದೆ ಹಾಕಲೇಬಾರದು. ಕಾರ್ನಿಯಾದ ಮೇಲೆ ಹುಣ್ಣಿದ್ದರೆ ಅದು ಕಣ್ಣನ್ನೇ ಕಳೆಯಬಹುದು. ಒಂದು ಕಣ್ಣಿಗೆ ಬಂದದ್ದು ಕೆಲವು ತಿಂಗಳಲ್ಲಿ ಇನ್ನೊಂದಕ್ಕೂ ಬರುವುದು ಸಾಮಾನ್ಯವಾದ್ದರಿಂದ ಆ ಕಣ್ಣಿನ ಮೇಲೂ ನಿಗಾ ಇರಲಿ. ಶಸ್ತ್ರಚಿಕಿತ್ಸೆಯ ನಂತರ ಹತ್ತು ಹದಿನಾಲ್ಕು ದಿನ ಕೊರಳಿಗೆ ಪ್ಲಾಸ್ಟಿಕ್ ಕೋನ್ ಬಿಚ್ಚದೆ ಹಾಕಿರಬೇಕು. ಪಾಪವೆನಿಸಿ ಬಿಚ್ಚಿದ ರಾತ್ರಿಯೇ ನಾಯಿ ಪಂಜದಿಂದ ಉಜ್ಜಿ ಹೊಲಿಗೆ ಹರಿದುಕೊಳ್ಳುತ್ತದೆ. ಮೊಂಡು ಮೂಗಿನ ತಳಿಗಳಿಗೆ ಅರಿವಳಿಕೆಯಿಂದ ಏಳುವಾಗ ಉಸಿರಾಟದ ತೊಂದರೆ ಆಗಬಹುದಾದ್ದರಿಂದ, ನಮ್ಮಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಾದರೆ ತಂಪು ಹೊತ್ತಿನಲ್ಲಿ, ಬೆಳಗಿನ ಜಾವವೇ ಈ ಕೆಲಸ ಮುಗಿಸುವುದು ಕ್ಷೇಮ.

ನಮ್ಮ ಜಿಲ್ಲೆಯ ಸರ್ಕಾರಿ ಪಶುವೈದ್ಯರ ದಿನವೆಲ್ಲ ದನ, ಎಮ್ಮೆ, ಆಡು, ಕುರಿಗಳ ಆರೈಕೆಯಲ್ಲಿ ಕಳೆಯುತ್ತದೆ, ಅದು ಹಾಗೆಯೇ ಇರಬೇಕಾದದ್ದು. ಸೂಕ್ಷ್ಮ ಕಣ್ಣಿನ ಹೊಲಿಗೆಗೆ ಬೇಕಾದ ಸಣ್ಣ ಉಪಕರಣಗಳಾಗಲಿ, ಅಭ್ಯಾಸವಾಗಲಿ ಅವರಿಗೆ ಸಿಗದಿರುವುದು ಅವರ ದೋಷವಲ್ಲ. ಆದರೆ ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ, ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರವೇ ಅಲ್ಲಿದೆ. 2017ರಿಂದ ಕಲಬುರಗಿ–ಬೀದರ್ ನಡುವೆ ರೈಲೂ ಓಡುತ್ತಿದೆ. ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ಆಸಕ್ತ ವೈದ್ಯರನ್ನು ಸರದಿಯಂತೆ ಅಲ್ಲಿನ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಕಳುಹಿಸಿ ಈ ಹೊಲಿಗೆಯನ್ನು ಕೈಯಾರೆ ಕಲಿಸಲು ಇಲಾಖೆಗೆ ದೊಡ್ಡ ವೆಚ್ಚವೇನೂ ತಗಲದು. ಅಲ್ಲಿಯವರೆಗೆ, ಹೊಲಿಯುವ ಸೌಲಭ್ಯವಿಲ್ಲದ ಕಡೆ ಕತ್ತರಿಸದೆ ಬೀದರಿಗೆ ಬರೆದುಕೊಡಬೇಕೆಂದು ಎಲ್ಲ ಆಸ್ಪತ್ರೆಗಳಿಗೂ, ಖಾಸಗಿ ಕ್ಲಿನಿಕ್‌ಗಳಿಗೂ ತಿಳಿವಳಿಕೆ ಪತ್ರ ಹೋಗಬೇಕು. ಪಶುಚಿಕಿತ್ಸೆಯ ಸಹಾಯವಾಣಿ ಸಂಖ್ಯೆ 1962ಕ್ಕೆ ಕರೆ ಮಾಡುವವರಿಗೂ ಇದೇ ಉತ್ತರ ಸಿಗುವಂತಾಗಲಿ.

ಮರಿ ಕೊಳ್ಳುವವರು ತಾಯಿ ತಂದೆ ನಾಯಿಗಳ ಕಣ್ಣುಗಳನ್ನು ನೋಡಿಯೇ ಕೊಳ್ಳಬೇಕು, ಚೆರ್ರಿ ಐ ಬಂದ ನಾಯಿಯಿಂದ ಮರಿ ಮಾಡಿಸಬಾರದು. ಸಂತಾನೋತ್ಪತ್ತಿ ನಡೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂದೂ ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದೂ 2017ರ ಕೇಂದ್ರ ನಿಯಮಗಳಲ್ಲಿದೆ. ನಮ್ಮ ನಗರದಲ್ಲಿ ಮರಿ ಮಾರುವವರಲ್ಲಿ ಯಾರು ಯಾರು ಹೀಗೆ ನೋಂದಾಯಿಸಿಕೊಂಡಿದ್ದಾರೆ ಎಂಬ ಪಟ್ಟಿಯನ್ನು ಜಿಲ್ಲೆಯ ಪಶುಸಂಗೋಪನಾ ಉಪನಿರ್ದೇಶಕರು ತಮ್ಮ ಕಚೇರಿಯ ಸೂಚನಾ ಫಲಕದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಪಶುವೈದ್ಯಾಧಿಕಾರಿ,
ಕಲಬುರಗಿ